ಎರಡು ಸೀಟಿನ ಕಾರಿಗೊಂದು ಡಗ್ಗಾ

ಪರದೇಶದಲ್ಲಿ ಇಬ್ಬರು ಎಂಜಿನಿಯರುಗಳು ಒಂದೇ ಮನೆಯಲ್ಲಿದ್ದರೆ, ಕೆಟ್ಟ ವಸ್ತು ಯಾವುದೂ ಕೆಟ್ಟ ಸ್ಥಿತಿಯಲ್ಲೇ ಉಳಿಯುವುದಿಲ್ಲ. ರಿಪೇರಿಗೊಳಗಾಗಿ ಇನ್ನಷ್ಟು ಕೆಡುತ್ತದೆ. ಇದು ದೂರಲ್ಲ, ವೀಕ್ಷಣೆ. ನಮ್ಮ ಮನೆಯಲ್ಲಿ ಇಂಥದ್ದು ತಪ್ಪದೆ ನಡೆಯುತ್ತಿತ್ತು.

ಜರ್ಮನಿ ಕಂಪ್ಯೂಟರ್ ತಜ್ಞರನ್ನು ಗ್ರೀನ್ ಕಾರ್ಡ್ ಕೊಟ್ಟು ಕರೆಸಿಕೊಳ್ಳುತ್ತಿದ್ದ ಕಾಲ. ಧ್ವನಿ ಸಂಕೇತಗಳ ವಿಶ್ಲೇಷಣೆಯಲ್ಲಿ ಸ್ನಾತಕೋತ್ತರ ಪದವಿ ಪಡೆದಿದ್ದ ನನ್ನನ್ನು ಕಾರ್ಲ್ಸ್‌ರುಹೆಯ ಕಂಪನಿಯೊಂದು ಕರೆಸಿಕೊಂಡು, ಸಂಬಳದ ಚೀಟಿಯ ಬಲ ಅಂಚು ಪ್ರಿಂಟಾಗುವಾಗ ಏಕೆ ಕತ್ತರಿಸಿಹೋಗುತ್ತದೆ ಎಂಬ ಸಮಸ್ಯೆಯ ಮುಂದೆ ಕೂರಿಸಿತು. ನನಗೆ ಸಿಟ್ಟಿತ್ತು. ಆ ಸಿಟ್ಟಿಗೆ ಯೋಗ್ಯವಾದ ಕೆಲಸವೊಂದು ಸಿಕ್ಕಿದ್ದು ನನ್ನ ರೂಮ್‌ಮೇಟ್ ಕಾರು ಕೊಂಡ ಮೇಲೆ.

೧. ಕಾಣೆಯಾದ ಡಗ್ಗಾ

ರೂಮ್‌ಮೇಟ್ ಬಾಗಲಕೋಟೆಯವನು. ಕಾರು ಕೊಳ್ಳುವವರು ಸಾಮಾನ್ಯವಾಗಿ ಎಂಜಿನ್ ನೋಡುತ್ತಾರೆ; ಅವನು ಬಣ್ಣ ನೋಡಿದ. ಎರಡೇ ಸೀಟಿನ, ಬಟ್ಟೆಯ ಚಾವಣಿಯ, ಯೌವನ ಮುಗಿದ ಕೆಂಪು ಸ್ಪೋರ್ಟ್ಸ್ ಕಾರು. ಸೀಟುಗಳ ಹಿಂದೆ ತಗ್ಗಿನ ಸ್ವರಗಳಿಗೆಂದೇ ಕಾರ್ಖಾನೆಯವರು ಕೂರಿಸಿದ ಧ್ವನಿವರ್ಧಕ, ಸಬ್‌ವೂಫರ್, ಒಂದಿತ್ತು. ಅದರ ಅಂಚಿನ ಸ್ಪಂಜು ವಯಸ್ಸಾಗಿ ಉದುರಿ, ಗಟ್ಟಿ ಸದ್ದು ಬಂದಾಗಲೆಲ್ಲ ಹಪ್ಪಳ ಮುರಿದಂತೆ ಕೇಳುತ್ತಿತ್ತು. ಅವನಿಗೆ ಅದರಿಂದ ಯಾವ ತೊಂದರೆಯೂ ಇರಲಿಲ್ಲ. ತೊಂದರೆ ಶುರುವಾದದ್ದು ಹುಡುಗಿಯಿಂದ.

ಹುಡುಗಿ ಧಾರವಾಡದವಳು, ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದಳು. ಇಬ್ಬರೂ ಮದುವೆಯಾಗುವುದೆಂದು ತೀರ್ಮಾನಿಸಿದ್ದರು. ಉಳಿದದ್ದು ಅವಳ ತಂದೆಯ ಒಪ್ಪಿಗೆ. ಅವರು ವಕೀಲರು, ಹುಡುಗನನ್ನು ಖುದ್ದು ನೋಡಿಯೇ ಹೂಂ ಎನ್ನುವುದೆಂದು ಹಟ ಹಿಡಿದು ವಿಮಾನದ ಟಿಕೆಟ್ ತೆಗೆಸಿದ್ದರು. "ಅಪ್ಪ ಹೂಂ ಅಂದ್ರ ಮದುವಿ. ಇಲ್ಲಾಂದ್ರ ಓಡಿ ಬರೂಕಿ ನಾ ಅಲ್ಲ, ಮೊದಲ ಹೇಳೀನಿ" ಎಂದು ಅವಳೂ ಸ್ಪಷ್ಟಪಡಿಸಿದ್ದಳು.

ಆ ಕಾರಿನಲ್ಲಿ ಅವಳು ಮೊದಲ ಸಲ ಕೂತಾಗ ಅವನು ಕ್ಯಾಸೆಟ್ ಹಾಕಿದ. ಧಾರವಾಡದವಳೆಂಬ ಗೌರವಕ್ಕಾಗಿ ತಬಲಾ. ಅವಳು ಸ್ವಲ್ಪ ಹೊತ್ತು ಕೇಳಿ, ತಿರುಗಿ ಸೀಟಿನ ಹಿಂದೆ ನೋಡಿದಳು.

"ತಬಲಾ ಕೇಳಸ್ತದ. ಡಗ್ಗಾ ಎಲ್ಲಿ?"

"ಯಾವ ಡಗ್ಗಾ?"

"ಎಡಗೈಲೆ ಬಾರಸೂ ದೊಡ್ಡದು. ನಮ್ಮಪ್ಪ ದಿನಾ ಮುಂಜಾನೆ ತಬಲಾ ಕೇಳಿದ ಮ್ಯಾಲೇ ಕೋರ್ಟಿಗೆ ಹೋಗೂದು. ಬರೇ ಬಲಗೈದು ಕೇಳಿದ್ರ, ಹುಡುಗನೂ ಅರ್ಧಾನೇ ಅಂತಾರ."

ಅವಳನ್ನು ಹಾಸ್ಟೆಲಿಗೆ ಬಿಟ್ಟು ಮನೆಗೆ ಬಂದವನು ಬೂಟು ಕೂಡ ಬಿಚ್ಚಲಿಲ್ಲ. ಬಾಗಿಲಲ್ಲೇ ನಿಂತು ಕೇಳಿದ: "ಲೇ, ನೀ ಇದನ್ನ ಓದಿದಾಂವಲ್ಲ? ಮಾವ ಎಷ್ಟು ಹರ್ಟ್ಸಿಗೆ ಒಪ್ತಾನ?"

೨. ತಾಳ್ಮೆಯವರ ಸಂಗೀತ

ಕಾರಿನ ಧ್ವನಿವರ್ಧಕಗಳನ್ನೇ ಮಾರುವ ಅಂಗಡಿಯೊಂದಕ್ಕೆ ಹೋದೆವು. ಹುಬ್ಬಿಗೆ ಉಂಗುರ ಹಾಕಿಕೊಂಡಿದ್ದ ಮಾರಾಟಗಾರ ವಿನಯದಿಂದ ಕೇಳಿದ: "ಯಾವ ಬಗೆಯ ಸಂಗೀತ ಕೇಳುತ್ತೀರಿ?"

ಪ್ರಶ್ನೆ ಸರಿಯಾಗಿತ್ತು, ಉತ್ತರವೂ ಸರಿಯಾಗಿರಬೇಕೆಂದು ನಾನು ಬಯಸಿದೆ. ಡಗ್ಗಾಕ್ಕೆ ಸ್ಥಿರವಾದ ಒಂದು ಸ್ವರವಿಲ್ಲ, ಅಂಗೈಯ ಬುಡ ಚರ್ಮದ ಮೇಲೆ ಜಾರಿದಂತೆ ನಾದವೂ ಜಾರುತ್ತದೆ, ಆ ಜಾರುವಿಕೆಯನ್ನು ಮುಕ್ಕಾಗದಂತೆ ಒಪ್ಪಿಸುವ ಸಾಧನ ನಮಗೆ ಬೇಕು ಎಂಬುದನ್ನು ಒಂದೇ ಜರ್ಮನ್ ವಾಕ್ಯದಲ್ಲಿ ಕಟ್ಟಿದೆ. ಕ್ರಿಯಾಪದವನ್ನು ಕೊನೆಗಿಡುವುದು ಕನ್ನಡಿಗನಿಗೆ ಕಷ್ಟವಲ್ಲ. ಆದರೆ ನನ್ನ ಕ್ರಿಯಾಪದ ಬರುವಷ್ಟರಲ್ಲಿ ಆತ ಇನ್ನೊಬ್ಬ ಗಿರಾಕಿಗೆ ಫ್ಯೂಸ್ ಮಾರಿ ಬಂದಿದ್ದ.

"ನೀ ಸುಮ್ನಿರಲೇ, ಬರೇ ವ್ಯಾಕರಣ" ಎಂದು ನನ್ನನ್ನು ಸರಿಸಿ, ರೂಮ್‌ಮೇಟ್ ಕೌಂಟರಿನ ಮೇಲೆ ಎಡಗೈ ಊರಿ ಬಾರಿಸತೊಡಗಿದ. "ಘೇ... ಘೇ... ಹಿಂಗ. ತಿಳೀತಾ?"

ಡಿಸ್ಕೋಗಳಲ್ಲಿ ಬಡಿಯುವ ಯಂತ್ರಸಂಗೀತ ನೆನಪಾಗಿ ಆತನ ಮುಖ ಅರಳಿತು. "ಟೆಕ್ನೋ!"

"ಅಲ್ಲ. ಶಾಸ್ತ್ರೀಯ" ಎಂದೆ ನಾನು.

"ನಿಮಿಷಕ್ಕೆ ಎಷ್ಟು ಬಡಿತ?"

ಇದು ನನ್ನ ಕ್ಷೇತ್ರ. ವಿಲಂಬಿತ ಲಯವೆಂದರೇನು ಎಂದು ವಿವರಿಸಿದೆ. ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಕೇಳುಗರು ಶಾಲು ಸರಿಪಡಿಸಿಕೊಂಡು, ಪಕ್ಕದವರ ಕ್ಷೇಮ ವಿಚಾರಿಸಿ, ಮುಂದಿನದಕ್ಕೆ ತಲೆದೂಗಲು ಸಿದ್ಧರಾಗಬಹುದು ಎಂದೆ.

ಆತ ಬಹಳ ಹೊತ್ತು ಯೋಚಿಸಿದ. ಆಮೇಲೆ ಒಳಗಿದ್ದ ಸಹೋದ್ಯೋಗಿಗೆ ಕೂಗಿ ಹೇಳಿದ: "ಆ ದೊಡ್ಡದನ್ನೇ ತಾ. ಇವರದೂ ಟೆಕ್ನೋನೇ. ಆದರೆ ಬಹಳ ತಾಳ್ಮೆಯವರು."

೩. ಭಾನುವಾರದ ಮೌನ

ಹೊಸ ಸಬ್‌ವೂಫರ್ ಹಳೆಯ ಕಿಂಡಿಗಿಂತ ಅಗಲವಾಗಿತ್ತು. ಅಂದರೆ ಮರದ ಹೊಸ ಪೆಟ್ಟಿಗೆಯನ್ನೇ ಮಾಡಬೇಕು. ಬಿಡುವಿದ್ದದ್ದು ಭಾನುವಾರ. ಮನೆಯ ಮುಂದೆ ಸೀಟುಗಳನ್ನು ಬಿಚ್ಚಿಟ್ಟು, ಹಲಗೆಗೆ ಡ್ರಿಲ್ ತಾಗಿಸಿದ್ದಷ್ಟೆ, ಕೆಳಮನೆಯ ನಿವೃತ್ತ ಯಜಮಾನರು ಇಸ್ತ್ರಿ ಮಾಡಿದ ಅಂಗಿಯಲ್ಲಿ ಎದುರು ನಿಂತಿದ್ದರು.

"ಇವತ್ತು ಭಾನುವಾರ."

ಜರ್ಮನಿಯಲ್ಲಿ ಇದು ಮಾಹಿತಿಯಲ್ಲ, ತೀರ್ಪು. ಭಾನುವಾರ ಡ್ರಿಲ್ ಮಾಡುವಂತಿಲ್ಲ, ಸುತ್ತಿಗೆ ಬಡಿಯುವಂತಿಲ್ಲ, ಖಾಲಿ ಬಾಟಲಿಯನ್ನು ತೊಟ್ಟಿಗೆ ಎಸೆಯುವಂತಿಲ್ಲ. ಅದೇ ಹೊತ್ತಿಗೆ ಚರ್ಚಿನ ಗಂಟೆಗಳು ಬೀದಿ ನಡುಗುವಂತೆ ಮೊಳಗುತ್ತಿದ್ದವು. ನಮ್ಮ ಡ್ರಿಲ್ಲಿಗಿಂತ ಅವುಗಳ ಸದ್ದು ಹೆಚ್ಚೆಂಬುದನ್ನು ನಾನು ತರ್ಕಬದ್ಧವಾಗಿ ಮಂಡಿಸಿದೆ. ಅವರು ಕೊನೆಯವರೆಗೂ ಕೇಳಿ, "ನಿಜ. ಆದರೆ ಅದು ಗಂಟೆ" ಎಂದರು. ಬಳಿಕ, "ಈ ಊರಿನ ಹೆಸರಿನಲ್ಲೇ ರುಹೆ ಇದೆ. ರುಹೆ ಎಂದರೆ ಶಾಂತಿ" ಎಂದು ಸೇರಿಸಿದರು.

ಅದನ್ನು ರೂಮ್‌ಮೇಟಿಗೆ ಹೇಳಿದೆ. ಅವನು ಡ್ರಿಲ್ ಕೆಳಗಿಟ್ಟು, "ನಮ್ಮ ಊರ ಹೆಸರಿನಾಗ ಕೋಟೆ ಐತಿ. ಹಂಗಂತ ದಿನಾ ಮುಂಜಾನೆ ಎದ್ದು ಯುದ್ಧ ಮಾಡ್ತೀವೇನು, ಕೇಳು ಅವರ್ನ" ಎಂದ. ನಾನು ಕೇಳಲಿಲ್ಲ.

ಯಜಮಾನರೇ ಬಗ್ಗಿ, ಇದೇನು ಮಾಡುತ್ತಿದ್ದೀರೆಂದು ವಿಚಾರಿಸಿದರು. ತಗ್ಗಿನ ಸ್ವರಗಳಿಗಾಗಿ ಎಂದೆ. ಅವರ ಮುಖವೇ ಬದಲಾಯಿತು. ನಿಂತುಕೊಂಡು ನುಡಿಸುವ ಆಳೆತ್ತರದ ಪಿಟೀಲೊಂದಿದೆಯಲ್ಲ, ವಾದ್ಯವೃಂದದ ಕೊನೆಯ ಸಾಲಿನಲ್ಲಿ ಗೊಣಗುವಂಥದ್ದು, ಅದನ್ನು ಅವರು ಆಯುಷ್ಯವೆಲ್ಲ ನುಡಿಸಿದ್ದರಂತೆ. "ಒಬ್ಬನೇ ಒಬ್ಬ ಶ್ರೋತೃ ಕಛೇರಿ ಮುಗಿದ ಮೇಲೆ ಬಂದು, ತಗ್ಗಿನ ಸ್ವರ ಚೆನ್ನಾಗಿತ್ತು ಎಂದದ್ದಿಲ್ಲ" ಎಂದರು. ಆ ನೋವಿನ ಮುಂದೆ ನನ್ನ ಸಂಬಳದ ಚೀಟಿಯ ಅಂಚು ಸಣ್ಣದಾಗಿ ಕಂಡಿತು.

ಅವರು ಒಳಗೆ ಹೋಗಿ ಕೈಯಿಂದ ತಿರುಗಿಸುವ ಬೈರಿಗೆ, ಮರದ ಅಂಟು, ಒಂದು ತುಂಡು ಕಪ್ಪು ಮಖಮಲ್ಲು ತಂದರು. ಸಂಜೆಯವರೆಗೆ ಮೂವರೂ ಪಿಸುಮಾತಿನಲ್ಲಿ ಬಡಗಿತನ ಮಾಡಿದೆವು. ಪೆಟ್ಟಿಗೆ ನಿಜಕ್ಕೂ ಚೆಂದವಾಯಿತು. ಕಾರಿಗೆ ಜೋಡಿಸಿ ಕೇಳಿ ನೋಡುವ ಆಸೆಯಿಂದ ರೂಮ್‌ಮೇಟ್ ಕಾರಿನ ಕೀಲಿಗೆ ಕೈಹಾಕಿದ.

"ನಾಳೆ" ಎಂದರು ಯಜಮಾನರು.

ಬೇರೆ ದಾರಿಯಿಲ್ಲದೆ ಮೂವರೂ ಕೈಕಟ್ಟಿಕೊಂಡು, ಮಖಮಲ್ಲು ಹೊದ್ದ ಆ ಪುಟ್ಟ ಕಪ್ಪು ಪೆಟ್ಟಿಗೆಯ ಸುತ್ತ ತಲೆ ತಗ್ಗಿಸಿ ನಿಂತೆವು. ನಾಯಿಯೊಂದಿಗೆ ಆ ದಾರಿಯಲ್ಲಿ ಬಂದ ಹೆಂಗಸೊಬ್ಬರು ಹೆಜ್ಜೆ ನಿಧಾನಿಸಿ, ದನಿ ತಗ್ಗಿಸಿ, "ಬೆಕ್ಕೇ?" ಎಂದು ಕೇಳಿದರು. ನಾವು ಉತ್ತರಿಸುವ ಮೊದಲೇ ಸಂತಾಪ ಸೂಚಿಸಿ ಮುಂದೆ ಹೋದರು.

೪. ಊಟವಿಲ್ಲದ ಪಂಗ್ತಿ

ಸೋಮವಾರ ಡಗ್ಗಾ ಬಂತು. ಎಂಥ ಡಗ್ಗಾ! ಕ್ಯಾಸೆಟ್ಟಿನೊಳಗೆ ಇಷ್ಟು ದಿನ ಯಾರೋ ಕೂಡಿಹಾಕಿದ್ದ ಮನುಷ್ಯ ಬಾಗಿಲು ತೆಗೆದು ಹೊರಬಂದಂತಿತ್ತು. ಕೆಳಮನೆಯ ಯಜಮಾನರು ತಗ್ಗಿನ ಸ್ವರವನ್ನು ಏರಿಸಿ ಇಳಿಸಲೆಂದೇ ಪ್ರತ್ಯೇಕ ತಿರುಗಣೆಯೊಂದನ್ನು ಕಾರಿನ ಮುಂಭಾಗದಲ್ಲಿ ಕೂರಿಸಿಕೊಟ್ಟರು. ಹುಡುಗಿ ಕೇಳಿ, "ಈಗ ಎರಡೂ ಕೈ ಬಂದ್ವು" ಎಂದಳು. ಅವರಿಬ್ಬರ ಸಂತೋಷ ನೋಡುತ್ತ ನಾನು ಒಂದು ವಾರ ಯಾರ ಮೇಲೂ ಸಿಟ್ಟಾಗಲಿಲ್ಲ.

ವಕೀಲರನ್ನು ಕರೆತರಲು ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣಕ್ಕೆ ಹೋದಾಗಲೇ ಒಂದು ಸಂಗತಿ ನಮ್ಮ ಗಮನಕ್ಕೆ ಬಂದದ್ದು: ಸಾಮಾನು ಇಡಬೇಕಾದ ಜಾಗದಲ್ಲಿ ಈಗ ಡಗ್ಗಾ ಇತ್ತು. ಆದ್ದರಿಂದ ವಕೀಲರು ಹುಡುಗನೊಂದಿಗೆ ಕಾರಿನಲ್ಲಿ, ಅವರ ಸೂಟ್‌ಕೇಸುಗಳು ಮಗಳು ಮತ್ತು ನನ್ನೊಂದಿಗೆ ರೈಲಿನಲ್ಲಿ ಎಂದಾಯಿತು.

ವಕೀಲರು ಆರಡಿಯ ಆಳು, ಕಪ್ಪು ಕೋಟು. ಕಾರನ್ನು ಒಂದು ಸುತ್ತು ಹಾಕಿ ನೋಡಿ, "ಉಳಿದದ್ದು ಹಿಂದಿನಿಂದ ಬರ್ತದೇನು?" ಎಂದರು.

"ಇಲ್ರೀ. ಇಷ್ಟ ಐತ್ರಿ" ಎಂದ ರೂಮ್‌ಮೇಟ್.

ಅವರು ಕೂರಲು ಬಗ್ಗಿದರು. ಸೀಟು ಇರಬೇಕಾದ ಎತ್ತರದಲ್ಲಿ ಇರಲಿಲ್ಲ. ಇನ್ನೂ ಬಗ್ಗಿದರು. ಕೊನೆಗೆ ಕಾಲು ಉದ್ದ ಚಾಚಿ ನೆಲಮಟ್ಟಕ್ಕೆ ತಲುಪಿ, ಸುತ್ತ ಒಮ್ಮೆ ನೋಡಿ ಕೇಳಿದರು: "ಪಂಗ್ತಿಗೆ ಕುಂತಂಗಾತು. ಎಲಿ ಯಾವಾಗ ಹಾಕ್ತೀರಿ?"

ಶೇಂಗಾ ಚಟ್ನಿ, ಪೇಢೆಗಳ ವಾಸನೆ ಬೀರುತ್ತಿದ್ದ ಸೂಟ್‌ಕೇಸುಗಳ ನಡುವೆ ಕೂತು ಹುಡುಗಿ ರೈಲಿನಲ್ಲಿ ಉಗುರು ಕಚ್ಚುತ್ತಿದ್ದಳು. "ಅಪ್ಪ ಬೈದ್ರ ಛಲೋ. ಸುಮ್ಮನಾದ್ರ ಕೇಸು ಹೋತು ಅಂತನ ತಿಳ್ಕೋಬೇಕು."

ನಾವು ತಲುಪುವ ಹೊತ್ತಿಗೆ ಕಾರು ಮನೆಯ ಮುಂದಿತ್ತು; ರೂಮ್‌ಮೇಟ್ ಪಕ್ಕದಲ್ಲಿ ಬಿಳಚಿಕೊಂಡು ನಿಂತಿದ್ದ. "ದಾರಿಯುದ್ದಕ್ಕೂ ಒಂದ ಮಾತಿಲ್ಲಲೇ. ಆಟೋಬಾನ್ ಹೆದ್ದಾರ್ಯಾಗ ಎರಡೂ ಮೊಣಕಾಲು ಹಿಡ್ಕೊಂಡು ಕುಂತ್ರು. ತಬಲಾ ಹಚ್ಚಾಕ ನನಗ ಧೈರ್ಯಾನ ಬರಲಿಲ್ಲ."

ವಕೀಲರು ಇನ್ನೂ ಕಾರಿನಲ್ಲೇ ಇದ್ದರು. ಪ್ರಯಾಣ ಹೇಗಿತ್ತೆಂದು ಮಗಳು ಕೇಳಿದಳು. "ಪ್ರಯಾಣ ಇರಲಿ" ಎಂದರು ವಕೀಲರು. "ಊಟ ಅಂತೂ ಹಾಕಲಿಲ್ಲ, ಕೈಯಾದ್ರೂ ಕೊಟ್ಟು ಎಬ್ಬಸ್ರಿ."

೫. ತಗ್ಗಿನ ಸ್ವರದ ರಸಿಕ

ಮರುದಿನ ಮಧ್ಯಾಹ್ನವಾದರೂ ವಕೀಲರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಕೊನೆಯ ಸಾಕ್ಷಿಯಾಗಿ ಡಗ್ಗಾವನ್ನೇ ಹಾಜರುಪಡಿಸುವುದೆಂದು ಹುಡುಗಿ ನಿರ್ಧರಿಸಿದಳು. ತಂದೆಯನ್ನು ಮತ್ತೆ ಕಾರಿನೊಳಗಿಳಿಸಿದಳು. ಚಾಲಕನ ಸೀಟಿನಲ್ಲಿ, ಪೆಟ್ಟಿಗೆಯ ಶಿಲ್ಪಿಯೆಂಬ ಹಕ್ಕಿನಿಂದ, ಕೆಳಮನೆಯ ಯಜಮಾನರು ಕೂತು ತಿರುಗಣೆಯ ಮೇಲೆ ಬೆರಳಿಟ್ಟರು. ರೂಮ್‌ಮೇಟ್ ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದ; ನಾನು ಅಲ್ಲಿಯ ಕಿಟಕಿಯಿಂದ ನೋಡುತ್ತಿದ್ದೆ.

ಮೊದಲ ಆವರ್ತನಕ್ಕೆ ವಕೀಲರ ತಲೆ ತೂಗಿತು. ಮಗಳ ಮುಖಕ್ಕೆ ಬಣ್ಣ ಬಂತು. ಯಜಮಾನರು ಉತ್ಸಾಹದಿಂದ ತಿರುಗಣೆಯನ್ನು ಸ್ವಲ್ಪ ಏರಿಸಿದರು. ವಕೀಲರು ಅಂಗೈ ಎತ್ತಿ, ನಗುತ್ತಲೇ ಅಂದರು: "ಬಸ್."

ಇಲ್ಲಿ ಭಾಷೆಯ ಬಗ್ಗೆ ಒಂದು ಮಾತು ಅಗತ್ಯ. ಧಾರವಾಡದ ಕಡೆ ಬಸ್ ಎಂದರೆ ಸಾಕು, ನಿಲ್ಲಿಸು ಎಂದರ್ಥ. ಇಂಗ್ಲಿಷಿನವರು ಬೇಸ್ ಎನ್ನುವ ತಗ್ಗಿನ ಸ್ವರವನ್ನು ಜರ್ಮನ್ನರು ಉಚ್ಚರಿಸುವುದು ಹೆಚ್ಚುಕಡಿಮೆ ಬಸ್ ಎಂದೇ.

"ಬಸ್? ಯಾ!" ಎಂದು ಒಪ್ಪಿ ಯಜಮಾನರು ಇನ್ನಷ್ಟು ಏರಿಸಿದರು.

"ಅಲ್ಲ, ಬಸ್ ಬಸ್!"

"ಇನ್ನೂ? ಸಂತೋಷದಿಂದ!"

ಕಾರಿನ ಕನ್ನಡಿ ನಡುಗತೊಡಗಿತು. ವಕೀಲರ ಕನ್ನಡಕ ಮೂಗಿನ ತುದಿಗೆ ನಡೆದುಬಂತು. "ಬಸ್ಸೋ ಯಪ್ಪಾ! ಬಸ್!" ಎಂದು ಅವರು ಎರಡೂ ಕೈ ಎತ್ತಿ ಕೂಗಿದರು. ಯಜಮಾನರ ಕಣ್ಣು ತುಂಬಿ ಬಂತು. ತಗ್ಗಿನ ಸ್ವರವನ್ನು ಕೈಯೆತ್ತಿ ಬೇಡುವ ಶ್ರೋತೃವನ್ನು ಅವರು ಬದುಕಿನಲ್ಲಿ ಕಂಡದ್ದು ಅದೇ ಮೊದಲು. ತಿರುಗಣೆಯನ್ನು ಅದರ ಕೊನೆಯವರೆಗೂ ತಿರುಗಿಸಿದರು. ಎದುರುಮನೆಯ ಹೂಕುಂಡವೊಂದು ಸ್ಥಾನ ಬದಲಿಸಿತು. ಹುಡುಗಿಯ ಕೂಗು ಯಾರಿಗೂ ಕೇಳಲಿಲ್ಲ.

ರೂಮ್‌ಮೇಟ್ ಚಹಾದ ಸೋಸಣಿಗೆ ಹಿಡಿದುಕೊಂಡೇ ಮೆಟ್ಟಿಲಿಳಿದು ಓಡಿ, ಕಾರಿನ ಕಿಟಕಿಯಿಂದ ಅರ್ಧ ದೇಹ ಒಳಗೆ ತೂರಿಸಿ, ಕೀಲಿಯನ್ನು ಕಿತ್ತ. ಕಾರ್ಲ್ಸ್‌ರುಹೆಗೆ ತನ್ನ ಹೆಸರು ನೆನಪಾಯಿತು.

ನಾನು ಕೆಳಗೆ ಹೋಗುವಷ್ಟರಲ್ಲಿ ವಕೀಲರು ಕೋಟಿನ ಮೇಲಿನ ಚಹಾಪುಡಿ ಕೊಡವಿಕೊಳ್ಳುತ್ತಿದ್ದರು. ಹುಡುಗಿಯ ಕಣ್ಣಲ್ಲಿ ನೀರು. ಕೇಸು ಮುಗಿದಿತ್ತು.

"ಬಂದ್ ಮಾಡಿದವರು ಯಾರು?" ಎಂದರು ವಕೀಲರು.

"ನಾನ್ರೀ" ಎಂದ ರೂಮ್‌ಮೇಟ್. "ತಪ್ಪಾತ್ರಿ. ನೀವು ಬಸ್ ಅಂದದ್ದು ಕೇಳಸ್ತು, ಬಂದೆ."

ವಕೀಲರು ಕನ್ನಡಕ ಸರಿಪಡಿಸಿಕೊಂಡರು. "ಕೋರ್ಟಿನಾಗ ಜಡ್ಜ್ ಸಾಹೇಬ್ರು ಬಸ್ ಅಂದ್ರ ನಾ ಎಂದೂ ನಿಲ್ಲಿಸಿದಾಂವಲ್ಲ. ಮನ್ಯಾಗ ನಾ ಬಸ್ ಅಂದ್ರ ಇಕಿನೂ ನಿಲ್ಲಿಸಿಲ್ಲ, ಇಕಿ ಅವ್ವನೂ ನಿಲ್ಲಿಸಿಲ್ಲ. ನಾ ಬಸ್ ಅಂದಕೂಡಲೇ ಕೈಯಾಗಿಂದು ಕೈಯಾಗ ಹಿಡಕೊಂಡು ಓಡಿ ಬಂದು ನಿಲ್ಲಿಸಿದ ಮನಶ್ಯಾನ್ನ ಇವತ್ತ ನೋಡಿದೆ." ಮಗಳ ಕಡೆ ತಿರುಗಿದರು. "ನಮ್ಮ ಮನಿಗೆ ಇಂಥಾವ ಒಬ್ಬ ಬೇಕಾಗಿತ್ತವಾ. ಹೂಂ ಅನ್ನು ಅವ್ವಗ ಫೋನ್ ಮಾಡಿ."

ಯಜಮಾನರು ತಿರುಗಣೆಯಿಂದ ಬೆರಳು ತೆಗೆಯದೆ ನನ್ನನ್ನು ಕೇಳಿದರು: "ಏನೆಂದರು?"

"ಮದುವೆಗೆ ಒಪ್ಪಿದರು."

ಅವರು ನಂಬಲಾರದೆ ನನ್ನ ಮುಖ ನೋಡಿದರು. "ಬಸ್‌ನಿಂದಾಗಿಯೇ?"

ಉತ್ತರ ನಿಖರವಾಗಿರಬೇಕೆಂದು ನಾನು ಒಂದು ಕ್ಷಣ ಯೋಚಿಸಿದೆ. ಎರಡೂ ಭಾಷೆಗಳಲ್ಲಿ ಪರೀಕ್ಷಿಸಿದೆ. ದೋಷ ಕಾಣಲಿಲ್ಲ.

"ಹೌದು" ಎಂದೆ. "ಬಸ್‌ನಿಂದಲೇ."