ಗುರಿ ದಾಟಿ ಬಿದ್ದ ಹೊಗಳಿಕೆ

ಈ ಮನೆಯಲ್ಲಿ ನನ್ನ ಪರವಾಗಿದ್ದ ಏಕೈಕ ಸಾಕ್ಷಿ ಹೋದ ತಿಂಗಳು ಸತ್ತುಹೋದ. ನಿಘಂಟು ಕಚೇರಿಯಲ್ಲಿ ಇಪ್ಪತ್ತಾರು ವರ್ಷ ನನ್ನ ಪಕ್ಕದ ಮೇಜಿನಲ್ಲಿ ಕೂತಿದ್ದವನು. ಊಟಕ್ಕೆ ಬಂದಾಗಲೆಲ್ಲ ನನ್ನ ಹೆಂಡತಿಗೆ ಹೇಳುತ್ತಿದ್ದ: "ಅತ್ತಿಗೆ, ನಿಮ್ಮ ಯಜಮಾನ್ರಿಗೆ ಗೊತ್ತಿಲ್ಲದ ಪದ ಈ ಭೂಮಿ ಮೇಲಿಲ್ಲ."

"ಇದೆಯಲ್ಲ, 'ತಪ್ಪಾಯ್ತು' ಅನ್ನೋದು," ಎನ್ನುತ್ತಿದ್ದಳು ಅವಳು, ಬಡಿಸುತ್ತಲೇ. (ಆ ಪದವೂ ನನಗೆ ಗೊತ್ತು, ಬಳಕೆ ಕಡಿಮೆ.)

ಆದರೂ ಅವನ ಆ ಒಂದು ಮಾತಿನ ಬಲದಲ್ಲೇ ನಾನು ಈ ಮನೆಯಲ್ಲಿ ತಲೆಯೆತ್ತಿ ಓಡಾಡುತ್ತಿದ್ದೆ.

ನಿಘಂಟಿಗಾಗಿ ಪದಕ್ಕೊಂದರಂತೆ ಅವನು ಬರೆದಿಟ್ಟುಹೋದ ಚೀಟಿಗಳನ್ನು ಪರಿಶೀಲಿಸಲು ಕಚೇರಿಯವರು ನನಗೇ ಕೊಟ್ಟರು. ನಿನ್ನೆ ಮನೆಯಲ್ಲಿ ಊಟವಾದ ಮೇಲೆ ಊಟದ ಮೇಜಿನ ಮೇಲೆಯೇ ಹರಡಿಕೊಂಡು ಕೂತೆ. ಕೊನೆಯ ಚೀಟಿ 'ಹೈಪರ್ಬೊಲಿ'. ಅವನ ದುಂಡು ಅಕ್ಷರ: 'ಅತ್ಯುಕ್ತಿ. ಗ್ರೀಕ್ ಮೂಲ, ಆಚೆಗೆ ಎಸೆಯುವುದು, ಗುರಿ ದಾಟಿ ಬೀಳುವಂತೆ.' ನಮ್ಮಲ್ಲಿ ಉದಾಹರಣೆಯನ್ನು ಹೊಸೆಯುವಂತಿಲ್ಲ. ಯಾರಾದರೂ ನಿಜವಾಗಿ ಆಡಿದ ಮಾತಾಗಿರಬೇಕು, ಎಲ್ಲಿ ಆಡಿದ್ದೆಂದೂ ನಮೂದಿಸಬೇಕು. ಅವನು ನಮೂದಿಸಿದ್ದ: 'ನಿಮ್ಮ ಯಜಮಾನರಿಗೆ ಗೊತ್ತಿಲ್ಲದ ಪದ ಈ ಭೂಮಿಯ ಮೇಲಿಲ್ಲ. ಗೆಳೆಯನ ಮನೆ, ಊಟದ ಹೊತ್ತು.'

ಸತ್ತವನ ಮೇಲೆ ಸಿಟ್ಟು ಬರಬಾರದು. ಬಂತು. ನಾನು ಇಷ್ಟು ವರ್ಷ ಎದೆಗವಚಿಕೊಂಡಿದ್ದ ಮಾತನ್ನು ಚೀಟಿಗೆ ಸರಕು ಮಾಡಿಕೊಂಡು, ಜಗಳಕ್ಕೂ ಸಿಗದ ಹಾಗೆ ಹೊರಟುಹೋಗಿದ್ದಾನೆ.

"ಈ ಉದಾಹರಣೆ ಹೊಡೆದುಹಾಕ್ತೀನಿ," ಎಂದೆ.

ಹೆಂಡತಿ ಚೀಟಿ ತೆಗೆದುಕೊಂಡು ಓದಿದಳು. "ಹಾಕಿ. ಕಾರಣ ಬರೀಬೇಕಲ್ವಾ?"

"ಬರೀಬೇಕು."

"ಏನಂತ? 'ಇದು ಅತ್ಯುಕ್ತಿ ಅಲ್ಲ, ಇದ್ದದ್ದು ಇದ್ದ ಹಾಗೇ ಹೇಳಿದ್ದು' ಅಂತಾನಾ? ಕೆಳಗೆ ನಿಮ್ಮದೇ ಸಹಿ?"

ಬರೆದರೆ ಕಚೇರಿಗೆ ಕಚೇರಿಯೇ ನಗುತ್ತದೆ. ಬರೆಯದಿದ್ದರೆ ಅಚ್ಚಾಗುತ್ತದೆ. ಚೀಟಿಯನ್ನು ಅವಳ ಕೈಯಿಂದ ವಾಪಸ್ ತೆಗೆದುಕೊಂಡು ಕೇಳಿದೆ: "ಒಂದು ಸಲವಾದ್ರೂ ಮನಸ್ಸಿಂದ ಹೇಳಿರ್ತಾನೆ ಅನ್ಸುತ್ತಾ ನಿನಗೆ?"

"ಅದು ನಂಗೊತ್ತಿಲ್ಲ," ಎಂದಳು. "ನಾನು ನಿಮ್ಮನ್ನ ಬೈಯೋಕೆ ಶುರು ಮಾಡಿದಾಗಲೇ ಹೇಳ್ತಿದ್ರು. ಪ್ರತಿ ಸಲ. ಅದನ್ನ ಮಾತ್ರ ನೋಡಿದೀನಿ."

ಚೀಟಿಯ ಅಂಚಿನಲ್ಲಿ ಪರಿಶೀಲಕ ಗುರುತು ಹಾಕಬೇಕಾದ ಎರಡು ಚೌಕಗಳಿವೆ: ಅರ್ಥ ಸರಿಯಿದೆ, ಉದಾಹರಣೆ ಹೊಂದುತ್ತದೆ. ಎರಡಕ್ಕೂ ಹಾಕಿದೆ. ಸಹಿ ಮಾಡಿದೆ.

"ಮುಗೀತಾ?" ಎಂದಳು, ಚೀಟಿಗಳನ್ನು ಜೋಡಿಸಿಕೊಡುತ್ತ. "ಹಾಗಾದ್ರೆ ಎದ್ದು ಪಾತ್ರೆ ತೊಳೀರಿ. ಬೆಳಿಗ್ಗೆಯಿಂದ ಹೇಳ್ತಿದೀನಿ. ಇನ್ಮೇಲೆ ನಿಮ್ಮನ್ನ ಬಿಡಿಸ್ಕೊಳ್ಳೋಕೆ ಯಾರೂ ಬರಲ್ಲ."

ಎದ್ದೆ. ತೊಳೆದೆ.