ಬಟ್ಟೆ ಕಟ್ಟಿದ ಹೀರೇಕಾಯಿ

ದೇವರು ಮನುಷ್ಯನಿಗೆ ಎರಡು ಕೈ ಕೊಟ್ಟ, ಒಂದು ಬೆನ್ನು ಕೊಟ್ಟ. ಆದರೆ ಆ ಎರಡು ಕೈಯೂ ಬೆನ್ನಿನ ನಟ್ಟನಡುವನ್ನು ಮುಟ್ಟದಂತೆ ನೋಡಿಕೊಂಡ. ಇದರಲ್ಲಿ ಏನೋ ಕುಚೋದ್ಯವಿದೆಯೆಂದು ನನಗೆ ಮೊದಲಿನಿಂದಲೂ ಅನುಮಾನ. ಹೋದ ಯುಗಾದಿಯ ದಿನ ಅದು ಖಾತ್ರಿಯಾಯಿತು. ಅವತ್ತು ಮೈತುಂಬ ಹರಳೆಣ್ಣೆ ಹಚ್ಚಿಕೊಂಡು ಬಚ್ಚಲಿಗೆ ಹೊರಟವನಿಗೆ ಬೆನ್ನು ವಿಪರೀತ ತುರಿಸತೊಡಗಿತು. ಅಂಗಡಿಯಿಂದ ತಂದಿದ್ದ ಪ್ಲಾಸ್ಟಿಕ್ ಬ್ರಷ್ಷು ಬೆನ್ನಿಗೆ ಉಪಚಾರ ಹೇಳಿದಂತೆ ಸವರುತ್ತಿತ್ತೇ ಹೊರತು ಕೆರೆಯುತ್ತಿರಲಿಲ್ಲ. ಆಗ ಕಣ್ಣಿಗೆ ಬಿದ್ದದ್ದು ಸಾಮಾನಿನ ಕೋಣೆಯ ಮೊಳೆಗೆ ನೇತುಹಾಕಿದ್ದ ಒಂದು ಒಣಗಿದ ಹೀರೇಕಾಯಿ. ಚಿಕ್ಕಂದಿನಲ್ಲಿ ಅಜ್ಜಿ ಹೀರೆ ನಾರಿನಿಂದ ನನ್ನ ಬೆನ್ನು ತಿಕ್ಕುತ್ತಿದ್ದದ್ದು ನೆನಪಾಗಿ ಜೀವ ಹಿಗ್ಗಿತು. ಕಾಯಿಯ ತೊಟ್ಟಿಗೆ ಬಣ್ಣಗೆಟ್ಟ ಬಟ್ಟೆಯ ಚೂರೊಂದು ಕಟ್ಟಿತ್ತು. ಅದನ್ನು ಬಿಚ್ಚಿ ಎಸೆದೆ. ಕಾಯನ್ನು ಒಗೆಯುವ ಕಲ್ಲಿಗೆ ನಾಲ್ಕು ಸಲ ಬಡಿದು ಸಿಪ್ಪೆ ಉದುರಿಸಿದೆ. ಒಳಗಿಂದ ಕರೀ ಬೀಜಗಳು ಪಟಪಟನೆ ಸುರಿದು, ಸೀಗೆಪುಡಿಯ ನೀರಿನ ಜೊತೆ ಮೋರಿಯ ದಾರಿ ಹಿಡಿದವು. ನಾನು ಕಣ್ಣು ಮುಚ್ಚಿಕೊಂಡು ಬೆನ್ನು ತಿಕ್ಕಿಕೊಂಡೆ. ಅಂಥ ಸುಖ ನನಗೆ ನಿವೃತ್ತಿಯಾದ ದಿನವೂ ಆಗಿರಲಿಲ್ಲ.

ಹೊರಗೆ ಬಂದಾಗ ಅವ್ವ ಹಜಾರದಲ್ಲಿ ಕೂತು ಹೋಳಿಗೆಗೆ ಏಲಕ್ಕಿ ಸುಲಿಯುತ್ತಿದ್ದಳು. ನನ್ನ ಕೈಯಲ್ಲಿದ್ದ ನಾರನ್ನು ನೋಡಿದಳು.

"ಬಟ್ಟೆ ಕಟ್ಟಿತ್ತಲ್ಲೋ," ಎಂದಳು.

ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ಉಳಿದದ್ದನ್ನು ನನ್ನ ಹೆಂಡತಿ ಸರೋಜ ಅಡುಗೆಮನೆಯಿಂದಲೇ ಪೂರ್ತಿ ಮಾಡಿದಳು: "ಬಟ್ಟೆ ಕಟ್ಟಿರೋ ಕಾಯಿ ಬೀಜಕ್ಕೆ ಬಿಟ್ಟಿರೋದು ಅಂತ ಹಸುಗೂಸಿಗೂ ಗೊತ್ತು ಕಣ್ರೀ. ಊರಿಂದ ತಂದಿದ್ದು ಅದೊಂದೇ ಉಳಿದಿತ್ತು. ಅತ್ತೆಗೆ ಮಂಡಿ ನೋವು ಅಂತ ಎರಡು ವರ್ಷ ಹಾಕಿರ್ಲಿಲ್ಲ, ಈ ಸಲ ಮಳೆ ಬಿದ್ದ ಕೂಡ್ಲೆ ಹಾಕೋಣ ಅಂತಿದ್ರು."

ನಮ್ಮೂರು ಹಿರೇನಲ್ಲೂರಿನ ಹತ್ತಿರ. ಅಲ್ಲಿನ ಹೊಲವನ್ನು ತಮ್ಮ ನೋಡಿಕೊಳ್ಳುತ್ತಾನೆ. ನಾವು ಕಡೂರಿನಲ್ಲಿ ಮನೆ ಮಾಡಿ ಬಹಳ ವರ್ಷಗಳಾದವು. ಊರಿನ ನಮ್ಮ ಹಿತ್ತಲ ಹೀರೇಕಾಯಿ ಗಿಡ್ಡ, ಏಣು ಚೂಪು, ಬೆಂದರೆ ಬೆಣ್ಣೆ. ಅದರ ಸಿಪ್ಪೆಯನ್ನೂ ಬಿಡದೆ ಹುಚ್ಚೆಳ್ಳು ಹಾಕಿ ಚಟ್ನಿ ಅರೆಯುತ್ತಿದ್ದರು. ತಮ್ಮನ ಮನೆಯಲ್ಲಿ ಆ ತಳಿ ಹೋಗಿ ಎಷ್ಟೋ ಕಾಲವಾಗಿದೆ. ಪ್ರಾಯಶ್ಚಿತ್ತಕ್ಕೆಂದು ನಾನು ಪೇಟೆಯಿಂದ ಬಣ್ಣದ ಚಿತ್ರವಿದ್ದ ಬೀಜದ ಪೊಟ್ಟಣ ತಂದುಕೊಟ್ಟೆ. ಅವ್ವ ಚಿತ್ರವನ್ನು ದೂರ ಹಿಡಿದು ನೋಡಿ, "ಇದು ಹಾವಿದ್ದಂಗೈತೆ," ಎಂದು ಕಿಟಕಿಯ ಮೇಲಿಟ್ಟಳು. ಆಮೇಲೆ ಹೀರೇಕಾಯಿಯ ಮಾತನ್ನೇ ಬಿಟ್ಟಳು. ಅವಳ ಅತ್ತೆಯ ಕೈಯಿಂದ ಅವಳಿಗೆ ಬಂದದ್ದು ಅದು. ಅದನ್ನು ನಾನು ಮೋರಿಗೆ ಬಿಟ್ಟಿದ್ದೆ.

ಇದರಲ್ಲಿ ಇನ್ನೊಂದು ತಮಾಷೆಯಿದೆ. ಬಟ್ಟೆ ಕಟ್ಟುವುದೆಂದರೆ ಏನೆಂದು ನನಗೆ ತಿಳಿಯದೇ ಇರಲಿಲ್ಲ. ಊರಿನಲ್ಲಿ ನನ್ನಷ್ಟು ಹೀರೇಕಾಯಿಗೆ ಬಟ್ಟೆ ಕಟ್ಟಿದವರು ಇನ್ನೊಬ್ಬರಿಲ್ಲ.

ಹತ್ತು ವರ್ಷದ ನನಗೆ ಹೀರೇಕಾಯಿಯೆಂದರೆ ಆಗುತ್ತಿರಲಿಲ್ಲ. ಶ್ರಾವಣ ಬಂತೆಂದರೆ ದಿನವೂ ಅದೇ ಗೊಜ್ಜು, ಅದೇ ತೊವ್ವೆ, ಅದೇ ಪಲ್ಯ. ಅಜ್ಜಿ ಹೇಳುತ್ತಿದ್ದಳು: "ಮಿಡಿಗೆ ಬೆರಳು ತೋರಿಸ್ಬಾರ್ದು ಕಣೋ, ಕೊಳ್ತೋಗ್ತದೆ. ತೋರಿಸ್ಲೇಬೇಕು ಅಂದ್ರೆ ಬೆರಳು ಮಡಚಿ ತೋರ್ಸು." ಇಷ್ಟು ಸುಲಭದ ಉಪಾಯವನ್ನು ಅಜ್ಜಿಯೇ ಹೇಳಿಕೊಟ್ಟ ಮೇಲೆ ಬಿಡುವುದುಂಟೆ? ಯಾರೂ ಇಲ್ಲದ ಹೊತ್ತಿನಲ್ಲಿ ಚಪ್ಪರದ ಕೆಳಗೆ ನಿಂತು ಹತ್ತೂ ಬೆರಳು ಚಾಚಿ ಒಂದೊಂದು ಮಿಡಿಗೂ ತೋರಿಸಿದೆ. ಅವು ಇನ್ನಷ್ಟು ಪುಷ್ಟಿಯಾಗಿ ಬೆಳೆದವು.

ಕೊನೆಗೆ ಕೌದಿಗೆಂದು ಎತ್ತಿಟ್ಟಿದ್ದ ಅಜ್ಜಿಯ ಹಳೇ ಸೀರೆ ಹರಿದು, ಚಪ್ಪರದಲ್ಲಿದ್ದ ಅಷ್ಟೂ ಕಾಯಿಗೆ ಒಂದೊಂದು ಚೂರು ಕಟ್ಟಿಬಿಟ್ಟೆ. ಅತ್ತೆಯ ಸೀರೆಯ ಬಟ್ಟೆ ಕಂಡ ಮೇಲೆ ಅವ್ವ ಕುಡುಗೋಲು ಎತ್ತುವುದುಂಟೆ? ಅಜ್ಜಿಯೋ, ಸೊಸೆ ಬೀಜಕ್ಕೆ ಬಿಟ್ಟಿದ್ದಾಳೆ, ಏನೋ ಯೋಚನೆಯಿರಬೇಕು ಎಂದುಕೊಂಡು ಸುಮ್ಮನಾದಳು. ನಮ್ಮ ಮನೆಯ ಅತ್ತೆ ಸೊಸೆಯರಿಗೆ ಒಬ್ಬರ ಮೇಲೊಬ್ಬರಿಗೆ ಅಷ್ಟು ಮರ್ಯಾದೆ. ಆ ಮರ್ಯಾದೆಯ ನೆರಳಿನಲ್ಲಿ ನಾನು ಹೀರೇಕಾಯಿಯಿಂದ ಪಾರಾದೆ. ಬದಲಿಗೆ ದಿನವೂ ಬದನೇಕಾಯಿ ಮಾಡಿದರು. ಅದೂ ನನಗೆ ಸೇರುತ್ತಿರಲಿಲ್ಲವೆಂಬುದು ಆಮೇಲೆ ಗೊತ್ತಾಯಿತು.

ಕಾಯಿಗಳೆಲ್ಲ ಬಲಿತು, ಒಣಗಿ, ಗಾಳಿಗೆ ಗಲಗಲ ಎನ್ನತೊಡಗಿದ ಮೇಲೆ ಒಂದು ದಿನ ಅಜ್ಜಿ ಅವ್ವನನ್ನು ಕೇಳಿದಳು: "ಅಲ್ಲ ಕಣೇ, ಇಷ್ಟಕ್ಕೂ ಬಟ್ಟೆ ಕಟ್ಟಿದ್ದಾದ್ರೂ ಯಾಕೆ?" ಅವ್ವ ಬಾಯಿ ಬಿಡುವ ಮೊದಲೇ ನಾನು, "ನಾನಲ್ಲ!" ಎಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹೀರೇಕಾಯಿಗೂ ಅದೇ ಗಾದೆ ಸಾಕು. ಅಜ್ಜಿ ಹೊಡೆಯಲಿಲ್ಲ. ಬೋಗುಣಿ ತುಂಬ ಬೀಜ ಸುರಿದು ನನ್ನ ತಲೆಯ ಮೇಲಿಟ್ಟು, "ಕಟ್ಟಿದೋನೇ ಹಂಚ್ಕೊಂಡ್ ಬಾ. ಒಂದು ಮನೆ ಬಿಟ್ಟೀಯಾ ಮತ್ತೆ," ಎಂದಳು. ಬಿಸಿಲಿನಲ್ಲಿ ಊರೆಲ್ಲ ಸುತ್ತಿದೆ. ಹೊಂಗೆ ಮರದ ಕೆಳಗೆ ತರೀಕೆರೆಯ ಕಲಾಯಿ ಸಾಬರು ತಿದಿ ಒತ್ತುತ್ತ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ಅವರಿಗೂ ಒಂದು ಮುಷ್ಟಿ ಕೊಟ್ಟೆ. ಅವರು ಅದನ್ನು ಹೆಗಲ ಮೇಲಿನ ವಲ್ಲಿಯ ತುದಿಗೆ ಗಂಟು ಹಾಕಿಕೊಂಡರು.

ಹೋದ ಯುಗಾದಿ ಕಳೆದು ಸ್ವಲ್ಪ ದಿನವಾದ ಮೇಲೆ ಅವ್ವ ಗೋಡೆ ನೋಡಿಕೊಂಡು, "ಕಲಾಯಿ ಸಾಬರ ಮನೇಲಿ ಆ ಬೀಜ ಇದ್ರೂ ಇರ್ಬೋದು," ಎಂದಳು. ನಾನು ಮೊದಲು ಬಂಧುಗಳನ್ನೇ ಕೇಳೋಣವೆಂದು ಅಜ್ಜಂಪುರದ ನೆಂಟರ ಮನೆಗೆ ಹೋದೆ. ಅಂದು ಅವರು ಊರಿನಲ್ಲೇ ಇದ್ದರು, ಬೀಜ ಪಡೆದವರಲ್ಲಿ ಅವರೂ ಒಬ್ಬರು. ಹೀರೆ ಚಪ್ಪರವಿದ್ದ ಜಾಗದಲ್ಲಿ ಕಾರು ನಿಂತಿತ್ತು. ಮಾರನೆಯ ದಿನ ತರೀಕೆರೆಯ ಬಸ್ಸು ಹತ್ತಿದೆ. ಪಾತ್ರೆ ಅಂಗಡಿಯಲ್ಲಿ ವಿಚಾರಿಸಿಕೊಂಡು ಹೋದರೆ ಸಾಬರು ತೀರಿಕೊಂಡು ಬಹಳ ಕಾಲವಾಗಿತ್ತು. ಅವರ ಮಗಳು ರಮೀಜಾ, ಹೆಚ್ಚು ಕಡಿಮೆ ನನ್ನದೇ ವಯಸ್ಸಿನವರು, ಹೊಲಿಗೆ ಯಂತ್ರದ ಮುಂದೆ ಕೂತಿದ್ದರು. ಬಂದ ವಿಷಯ ಹೇಳಿದೆ.

"ಓ, ಅಬ್ಬಾ ಹೇಳ್ತಿದ್ರು," ಎಂದು ನಕ್ಕರು. "ಹಿರೇನಲ್ಲೂರು ಕಡೆ ಒಬ್ಬ ಹುಡುಗ ಕೊಟ್ಟ ಬೀಜ ಇದು, ಮುಖ ಗಂಟು ಹಾಕ್ಕೊಂಡು ಕೊಟ್ಟ ಅಂತ."

"ಆ ಹುಡುಗ ನಾನೇ," ಎಂದೆ. ಅವರು ನನ್ನ ಬೋಳುತಲೆಯನ್ನೊಮ್ಮೆ ನೋಡಿ, ನಂಬಿದರೋ ಇಲ್ಲವೋ, ಒಳಗೆ ಹೋದರು. ತಂದದ್ದು ಒಂದು ಗಿಡ್ಡ ಒಣ ಹೀರೇಕಾಯಿ. ತೊಟ್ಟಿಗೆ ಹಸಿರು ಬಟ್ಟೆಯ ಚೂರು. ಅದನ್ನು ಕಂಡು ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡೆ. ನಮ್ಮಜ್ಜಿ ಸತ್ತಾಗ ನಾನು ಇಷ್ಟು ಅತ್ತಿರಲಿಲ್ಲ.

"ನಿಮ್ಮನೇಲಿ ಹೆಂಗೆ ಹೋಯ್ತು?" ಎಂದರು ರಮೀಜಾ, ಕಾಯಿಯ ತುದಿ ಮುರಿದು ಬೀಜವನ್ನು ನನ್ನ ಅಂಗೈಗೆ ಸುರಿಯುತ್ತ.

"ಇಲಿ ತಿಂತು," ಎಂದೆ.

ಮಳೆ ಬಿತ್ತು. ಅವ್ವ ಹಿತ್ತಲಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತಳು. ಬೀಜವನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ನೆನೆಸಿಯಾಗಿತ್ತು. ಗುಂಡಿಗೆ ಗೊಬ್ಬರ ಹಾಕಿ ನಾನು ಬೀಜ ಊರಿದರೆ, "ಲೇ, ಹೆಣ ಹೂತಂಗೆ ಹೂಳ್ಬ್ಯಾಡ್ವೋ! ಬೆರಳಿನ ಒಂದು ಗೆಣ್ಣು ಆಳ ಸಾಕು," ಎಂದು ಕೂಗಿದಳು. ಎಷ್ಟೋ ದಿನದ ಮೇಲೆ ಅವಳ ಬೈಗುಳ ಕೇಳಿ ನನಗೆ ಸಮಾಧಾನವಾಯಿತು. ಬಳ್ಳಿ ಹಗ್ಗ ಹಿಡಿದು ತಾರಸಿಗೆ ಹತ್ತಿತು. ಸಂಜೆ ಹೊತ್ತಿಗೆ ಹಳದಿ ಹೂ ಅರಳುವುದನ್ನು ನೋಡಲು ಅವ್ವ ದಿನವೂ ಹಿತ್ತಲಿಗೆ ಬಂದು ಕೂರುತ್ತಿದ್ದಳು.

ಬಾಲ್ಯದಲ್ಲಿ ಬೇಡವೆಂದದ್ದೇ ಈ ವಯಸ್ಸಿನಲ್ಲಿ ಬಾಯಲ್ಲಿ ನೀರೂರಿಸುತ್ತದೆ. ಕಾಯಿ ಹಿಡಿದಾಗಿನಿಂದ ನಾನು ಗೊಜ್ಜಿನ ಕನಸು ಕಾಣುತ್ತಿದ್ದೆ. ಸರೋಜ ಹುಚ್ಚೆಳ್ಳು ಹುರಿದಿಟ್ಟಿದ್ದಳು. ಒಂದು ಬೆಳಿಗ್ಗೆ ಚಾಕು ಹಿಡಿದು ಹಿತ್ತಲಿಗೆ ಹೋದೆ. ಏಳು ಕಾಯಿ. ಏಳಕ್ಕೂ ಬಟ್ಟೆ ಕಟ್ಟಿತ್ತು. ಬಟ್ಟೆ ನೀಲಿ ಚೌಕಳಿಯದು, ನನ್ನ ಇಷ್ಟದ ಅಂಗಿ.

"ಅವ್ವಾ, ಇದೇನಿದು? ಬೀಜಕ್ಕೆ ಒಂದು ಸಾಲ್ದಾ?"

"ನಮ್ಮನೇಲಿ ಬೆನ್ನು ತುರಿಸೋರು ಅವ್ರೆ ಕಣಪ್ಪಾ. ಒಂದನ್ನ ನಂಬ್ಕಂಡು ಕೂರಕ್ಕಾಗ್ತದಾ?" ಎಂದಳು ಅವ್ವ, ಕುರ್ಚಿಯಿಂದ ಅಲ್ಲಾಡದೆ. "ಒಣಗಿದ್ಮೇಲೆ ನೀನೇ ಹಂಚ್ಕೊಂಡ್ ಬರ್ಬೇಕು. ಒಂದು ಮನೆ ಬಿಟ್ಟೀಯಾ ಮತ್ತೆ."

ಎಲೆಯ ಮರೆಯಲ್ಲಿ ಎಂಟನೆಯದೊಂದು ಮಿಡಿ ಕಂಡಿತು. "ಅದನ್ನಾದ್ರೂ ನನಗೆ ಬಿಡವ್ವಾ," ಎಂದು ಕೈ ಎತ್ತಿದೆ.

"ಲೇ, ಬೆರಳು ತೋರಿಸ್ಬ್ಯಾಡ್ವೋ!"

ಮಡಚಿದೆ. ಮಡಚಿದ ಬೆರಳಿನಲ್ಲೇ ಚಾಕು ಹಿಡಿದು ಒಳಗೆ ಬಂದರೆ, ಸರೋಜ ಆಗಲೇ ಬದನೇಕಾಯಿ ಹೆಚ್ಚುತ್ತಿದ್ದಳು.