ಅಳಿಯನ ಕಾರು, ಅತ್ತೆಯ ಕೈ

ನನ್ನ ಅತ್ತೆಯವರಿಗೆ ನಾನು ಋಣಿ. ಮೀಸೆ ಹೊತ್ತ ಯಾವ ಗಂಡಸೂ ಈ ಮಾತನ್ನು ಸುಮ್ಮಸುಮ್ಮನೆ ಹೇಳುವುದಿಲ್ಲ. ಹೇಳುವಂಥ ಪ್ರಸಂಗ ಬಂತು, ಕೇಳಿ.

ನಮ್ಮ ಕಾರಿಗೊಂದು ಕೆಟ್ಟ ಚಾಳಿ. ಬೆಳಿಗ್ಗೆ ಮದುಮಗನ ಹಾಗೆ ಗತ್ತಿನಿಂದ ಹೊರಡುತ್ತಿತ್ತು; ಇಂಜಿನ್ ಬಿಸಿಯಾದೊಡನೆ ನಡುರಸ್ತೆಯಲ್ಲಿ ಗಪ್‌ಚಿಪ್. ಅರ್ಧ ಗಂಟೆ ಆರಿದ ಮೇಲೆ ಏನೂ ಆಗಿಲ್ಲವೆಂಬಂತೆ ಮತ್ತೆ ಸ್ಟಾರ್ಟ್. ಫೋನಿನಲ್ಲಿ ವಿಡಿಯೋ ನೋಡಿ, ಕ್ರ್ಯಾಂಕ್ ಸೆನ್ಸರ್ ಕೆಟ್ಟಿದೆ ಎಂದು ನಾನೇ ರೋಗನಿದಾನ ಮಾಡಿ, ಕಂಪಾಲಾ ಪೇಟೆಯಿಂದ ಹೊಸದನ್ನೂ ತಂದೆ.

"ಒಂದು ಬೋಲ್ಟು, ಒಂದು ಪ್ಲಗ್ಗು. ಅದಕ್ಕೆ ಮೆಕ್ಯಾನಿಕ್ ಬೇರೆ ಕೇಡು! ಇಪ್ಪತ್ತೆರಡು ವರ್ಷ ಭೂಗೋಳ ಕಲಿಸಿದವನು ನಾನು," ಎಂದೆ.

"ಭೂಮಿ ತಾನಾಗೇ ತಿರುಗುತ್ತೆ ರೀ. ಕಾರು ತಿರುಗಲ್ಲ," ಎಂದಳು ನನ್ನ ಹೆಂಡತಿ ನಬ್ಬೋಸಾ.

ಅವಳ ಆತಂಕಕ್ಕೆ ಕಾರಣವಿತ್ತು. ಆ ಶನಿವಾರ ಎಂಪಿಗಿಯಲ್ಲಿ ಅವಳ ಅಣ್ಣನ ಮಗಳ ಕ್ವಂಜುಲಾ, ಅಂದರೆ ಗಂಡನ್ನು ಹೆಣ್ಣಿನ ಮನೆಯವರಿಗೆ ಪರಿಚಯಿಸುವ ಶಾಸ್ತ್ರ. ಗಂಡಿನ ಕಡೆಯವರೆಲ್ಲ ಬಂದು ಚಾಪೆಯ ಮೇಲೆ ಕುಳಿತರೂ, ಹುಡುಗಿಯ ಸೋದರತ್ತೆ ಎದ್ದು "ಇವನೇ ನಮ್ಮ ಹುಡುಗ" ಎಂದು ತೋರಿಸದೆ ಶಾಸ್ತ್ರ ಮುಂದೆ ಸಾಗದು. ಆ ಸೋದರತ್ತೆ ನಬ್ಬೋಸಾ. ಹನ್ನೊಂದಕ್ಕೆ ಅವಳು ಅಲ್ಲಿರದಿದ್ದರೆ ಕುಲದ ಮಾನ ಹರಾಜು.

ಹತ್ತು ನಿಮಿಷದ ಕೆಲಸ ತಾನೇ ಎಂದು, ಇಸ್ತ್ರಿ ಮಾಡಿದ ಬಿಳಿ ಕಾಂಜು ನಿಲುವಂಗಿಯನ್ನು ತೊಟ್ಟುಕೊಂಡೇ ಏಳು ಗಂಟೆಗೆ ಬಾನೆಟ್ ಎತ್ತಿದೆ. (ಬುದ್ಧಿವಂತರು ಯಾರೂ ಹೀಗೆ ಮಾಡುವುದಿಲ್ಲ. ನಾನು ಮಾಡಿದೆ.) ಮೇಲುಗಡೆಯೇ ಒಂದು ಸೆನ್ಸರ್ ಥಳಥಳ ಹೊಳೆಯುತ್ತಿತ್ತು. "ಸಿಕ್ಕಿಬಿದ್ದೆಯಾ ಕಳ್ಳಾ!" ಎಂದು ತಿರುಗಿಸಿದೆ. ಬುಸ್ಸೆಂದು ಹಸಿರು ನೀರು ಚಿಮ್ಮಿ ನನಗೆ ಮಂಗಳಸ್ನಾನವಾಯಿತು.

ಆಗ ಪಕ್ಕದ ಮನೆಯ ಬೇಲಿಯಾಚೆಯಿಂದ ಒಂದು ಗಂಭೀರ ಕೆಮ್ಮು ಕೇಳಿತು. ಅತ್ತೆಯವರು! ಅಳಿಯನ ಸೂರಿನಡಿ ಮಲಗುವಂತಿಲ್ಲವಲ್ಲ, ಹಾಗಾಗಿ ಹಿಂದಿನ ದಿನವೇ ಬಂದವರು ಪಕ್ಕದ ಮನೆಯಲ್ಲಿ ಉಳಿದಿದ್ದರು. ನಮ್ಮಲ್ಲಿ ಅತ್ತೆ ಅಳಿಯ ಎದುರುಬದುರು ನಿಲ್ಲಬಾರದು, ಮುಟ್ಟಬಾರದು, ಒಂದೇ ವಾಹನದಲ್ಲಿ ಕೂರಲೂ ಬಾರದು.

"ನಬ್ಬೋಸಾ, ಅಳಿಯಂದಿರಿಗೆ ಹೇಳು, ಅವರು ಬಿಚ್ಚಿದ್ದು ನೀರಿನ ಬಿಸಿ ನೋಡೋ ಸೆನ್ಸರ್."

"ರೀ, ಅಮ್ಮ ಹೇಳ್ತಾರೆ..."

"ಕೇಳಿಸ್ತು ಬಿಡೇ!"

ಮಾವನವರು ಬದುಕಿದ್ದಾಗ ಲಾರಿ ರಿಪೇರಿ ಮಾಡುತ್ತಿದ್ದರು. ಮೂವತ್ತು ವರ್ಷ ಅವರ ಕೈಗೆ ಸ್ಪ್ಯಾನರ್ ಕೊಟ್ಟವರು ಈ ತಾಯಿ. ಬೇಲಿಯಾಚೆಯಿಂದ ಅವರು ಅಪ್ಪಣೆ ಕೊಡುವುದು, ಇವಳು ಅದನ್ನು ಎರಡು ಬೈಗುಳ ಸೇರಿಸಿ ದಾಟಿಸುವುದು, ನಾನು ತಡಕಾಡುವುದು, ಹೀಗೇ ಎಂಟೂವರೆಯಾಯಿತು. ಅತ್ತೆಯವರನ್ನು ಕರೆದೊಯ್ಯಲು ಬಂದ ನೆಂಟರ ವ್ಯಾನು ಹಾರ್ನ್ ಹೊಡೆದೇ ಹೊಡೆಯಿತು.

"ನೀವು ಹೋಗ್ರಪ್ಪಾ," ಎಂದರು ಅತ್ತೆ. "ಮಗಳನ್ನ ಹೀಗೆ ಬಿಟ್ಟು ನಾನು ಹೋಗಲ್ಲ. ನಬ್ಬೋಸಾ, ಅಳಿಯಂದಿರನ್ನ ಒಳಗೆ ಕಳಿಸು."

ನಬ್ಬೋಸಾ ನನ್ನನ್ನು ಅಡುಗೆಮನೆಗೆ ದೂಡಿ ಹೊರಗಿನಿಂದ ಚಿಲಕ ಹಾಕಿದಳು.

"ಏನಾಯ್ತೇ?" ಎಂದು ಕಿಟಕಿಯತ್ತ ಸರಿದೆ.

"ಇಣುಕಬೇಡ್ರೀ! ಅಮ್ಮ ಕಾರಿನ ಕೆಳಗೆ ಮಲಗಿದ್ದಾರೆ!"

ಅಂಗಳದಿಂದ ಮಾತು ಬರುತ್ತಲೇ ಇತ್ತು. "ಮೊದಲು ಬ್ಯಾಟರಿ ತಂತಿ ಬಿಚ್ಚಮ್ಮ. ಚಕ್ರ ಪೂರ್ತಿ ತಿರುಗಿಸು. ಹಾಂ, ಅಗೋ ಪುಲ್ಲಿ ಪಕ್ಕದಲ್ಲಿ ಅವಿತಿದೆ. ಹತ್ತರ ಸ್ಪ್ಯಾನರ್ ಕೊಡು. ಆ ರಬ್ಬರ್ ಉಂಗುರಕ್ಕೆ ಚೂರು ಆಯಿಲ್ ಸವರು." ಇಪ್ಪತ್ತೇ ನಿಮಿಷ! ನಾನು ಬಿಚ್ಚಿದ್ದ ಸೆನ್ಸರನ್ನು ಮತ್ತೆ ಕೂರಿಸಿ, ರೇಡಿಯೇಟರಿಗೆ ನೀರೂ ತುಂಬಿ, ಕಾಲು ಗಂಟೆ ಇಂಜಿನ್ ಓಡಿಸಿ ಬಿಸಿ ಮಾಡಿ ನೋಡಿದರು. ನಿಲ್ಲಲಿಲ್ಲ. ಅಡುಗೆಮನೆಯ ಮೂಲೆಯಲ್ಲಿದ್ದ ಬಾಳೆಗೊನೆಗೆ ಒರಗಿ ಕುಳಿತಿದ್ದ ನನ್ನ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು. ಹೆತ್ತ ತಾಯಿಯೂ ನನಗಾಗಿ ಇಷ್ಟು ಮಾಡಿರಲಿಲ್ಲ.

ಪಕ್ಕದ ಮನೆಯವರು ಬಂದು ಚಿಲಕ ತೆಗೆದು, ನಾನು ಹೊರಬಂದಾಗ ನಬ್ಬೋಸಾ ಓಡಿಸುತ್ತಿದ್ದ ಕಾರು ಗೇಟು ದಾಟುತ್ತಿತ್ತು. ನೆಂಟರ ವ್ಯಾನು ಹೋಗಿಬಿಟ್ಟಿತ್ತಲ್ಲ, ಅತ್ತೆಯವರು ನಮ್ಮ ಕಾರಿನಲ್ಲೇ ಹೋಗಬೇಕು. ಅತ್ತೆ ಇರುವ ಕಾರಿನಲ್ಲಿ ಅಳಿಯ ಕೂರುವುದುಂಟೇ? ನಾನು ಬಾಡಿಗೆಯ ಬೋಡಾ ಬೈಕಿನ ಹಿಂದೆ ಕುಳಿತು, ಹಸಿರು ಕಾಂಜುವನ್ನು ಮಂಡಿಯವರೆಗೆ ಎತ್ತಿ ಹಿಡಿದು, ಎಂಪಿಗಿಯ ತನಕ ಧೂಳು ತಿಂದೆ.

ಹೋಗಿ ನೋಡಿದರೆ ಶಾಮಿಯಾನದಲ್ಲಿ ಚಪ್ಪಾಳೆ! ನಬ್ಬೋಸಾ ಹೊತ್ತಿಗೆ ಸರಿಯಾಗಿ ಬಂದು ಹುಡುಗನನ್ನು ತೋರಿಸಿಯಾಗಿತ್ತು. ಅತ್ತೆಯವರ ಪರವಾಗಿ ಭಾವಮೈದುನ ಮೈಕಿನಲ್ಲಿ ಸಾರುತ್ತಿದ್ದ: "ಬೆಳ್ಳಂಬೆಳಿಗ್ಗೆ ಕಾರು ಬಿಚ್ಚಿ ಸರಿಮಾಡಿ, ನಮ್ಮ ಮರ್ಯಾದೆ ಉಳಿಸಿದವರು ನಮ್ಮ ಭಾವ! ಅಂಗಿ ನೋಡಿ, ಸಾಕ್ಷಿ ಬೇಕಾ?"

ಮಾಡಿದ್ದು ಅವರು, ಮಾನ ಕೊಟ್ಟಿದ್ದು ನನಗೆ. ಹೆಂಗಸರ ಶಾಮಿಯಾನದ ದಿಕ್ಕಿಗೆ ದೂರದಿಂದಲೇ ಮಂಡಿಯೂರಿ ಕೈಮುಗಿದೆ.

ಸಂಜೆ ಹೊರಡುವಾಗ ಗಂಡಿನ ಕಡೆಯ ವ್ಯಾನು ಸ್ಟಾರ್ಟ್ ಆಗಲಿಲ್ಲ. "ಮೇಷ್ಟ್ರನ್ನ ಕರೀರಿ!" ಎಂದು ಕೂಗಾಯಿತು. ಹಲಸಿನ ಹಣ್ಣಿನಂತೆ ನನ್ನನ್ನು ಎತ್ತಿಕೊಂಡೇ ಬಂದರು.

"ಅಯ್ಯೋ, ಬೆಳಿಗ್ಗೆ ಮಾಡಿದ್ದು ನಾನಲ್ಲ ಅಂತ ಹೇಳಿಬಿಡ್ತೀನೇ," ಎಂದು ನಬ್ಬೋಸಾಳ ಕಿವಿಯಲ್ಲಿ ಉಸುರಿದೆ.

"ಹೊಸ ಬೀಗರೆದುರು ನಮ್ಮಮ್ಮನ್ನ ಸುಳ್ಳಿ ಮಾಡ್ತೀರಾ?"

ಸತ್ತರೂ ಮಾಡೆ. ತೋಳು ಮಡಚಿದೆ, ಗಂಟಲು ಸರಿಮಾಡಿಕೊಂಡೆ, ವ್ಯಾನಿನ ಮುಂದೆ ಹೋಗಿ ನಿಂತು ಬಾನೆಟ್ ಎತ್ತಲು ಹಿಡಿ ಹುಡುಕಿದೆ. ಬಲಕ್ಕೆ ಸವರಿದೆ, ಎಡಕ್ಕೆ ಸವರಿದೆ. ಐವತ್ತು ಜನ ಉಸಿರು ಬಿಗಿಹಿಡಿದು ನೋಡುತ್ತಿದ್ದರು.

ಕೊನೆಗೆ ಮದುಮಗನೇ ಹತ್ತಿರ ಬಂದು ಬಲು ವಿನಯದಿಂದ ಹೇಳಿದ: "ಮಾವ, ಈ ವ್ಯಾನಲ್ಲಿ ಇಂಜಿನ್ ಡ್ರೈವರ್ ಸೀಟಿನ ಕೆಳಗಿರುತ್ತೆ."